0.033 ಇಂಚು: ಅಲಾಸ್ಕಾ 261ರ ತನಿಖಾ ವರದಿಯಲ್ಲಿರುವ ಆ ‘ಮಾನವ’ ಯಾರು?

ತಿರುಪುಮೊಳೆ

ಮೂರು ವಾರದಿಂದ ರಾತ್ರಿ ಊಟವಾದ ಮೇಲೆ ನನಗೆ ಒಂದೇ ಕೆಲಸ, ಅಲಾಸ್ಕಾ ಏರ್‌ಲೈನ್ಸ್ 261ರ ತನಿಖಾ ವರದಿ ಓದುವುದು. ನಿನ್ನೆ ಮುಗಿಯಿತು. ಒಂದು ಅನುಮಾನ ಮಾತ್ರ ಬಗೆಹರಿಯದೆ ಉಳಿದಿದೆ, ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ. ವಿಮಾನದ ಗಂಧಗಾಳಿ ಇಲ್ಲದವರಿಗೂ ಅರ್ಥವಾಗಲೆಂದು ಮೊದಲಿನಿಂದ ಹೇಳುತ್ತೇನೆ. ಬಲ್ಲವರು ಸಹಿಸಿಕೊಳ್ಳಬೇಕು.

2000ದ ಜನವರಿ 31. ಎಂಡಿ-83 ವಿಮಾನ ಮೆಕ್ಸಿಕೋದ ಪೋರ್ಟೊ ವಯಾರ್ತಾದಿಂದ ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗವಾಗಿ ಸಿಯಾಟಲ್‌ಗೆ ಹೊರಟಿತ್ತು. 83 ಪ್ರಯಾಣಿಕರು, 5 ಸಿಬ್ಬಂದಿ. ಈ ವಿಮಾನದ ಬಾಲದ ತುದಿಯಲ್ಲಿ ಅಡ್ಡಲಾಗಿ ಕೂತಿರುವ ಸ್ಟೆಬಿಲೈಸರ್ ಎಂಬ ಪುಟ್ಟ ರೆಕ್ಕೆಯನ್ನು ಮೇಲೆ ಕೆಳಗೆ ಓರೆ ಮಾಡಿದರೆ ಮೂತಿ ಏರುತ್ತದೆ, ಇಳಿಯುತ್ತದೆ. ಓರೆ ಮಾಡುವುದು ಒಂದು ಜ್ಯಾಕ್‌ಸ್ಕ್ರೂ. ಕಾರಿನ ಚಕ್ರ ಬದಲಿಸಲು ಜ್ಯಾಕ್ ತಿರುಗಿಸುತ್ತೇವಲ್ಲ, ತತ್ವ ಅದೇ. ಸುಮಾರು ಎರಡು ಅಡಿ ಉದ್ದದ ಉಕ್ಕಿನ ತಿರುಪು, ಅದನ್ನು ಸುತ್ತುವರಿದ ಕಂಚಿನ ನಟ್. ಕಂಚು ಮೆದು, ಉಕ್ಕು ಗಟ್ಟಿ. ಆದ್ದರಿಂದ ಸವೆಯುವುದು ನಟ್. ಸವೆತ ತಡೆಯುವುದು ಗ್ರೀಸ್. ಅಷ್ಟೇ ಯಂತ್ರ.

ಅಂದು ವಿಮಾನ ಏರುತ್ತಿರುವಾಗಲೇ ಸ್ಟೆಬಿಲೈಸರ್ ಕಚ್ಚಿಕೊಂಡಿತು. ಪೈಲಟ್‌ಗಳು ಕೈಯಲ್ಲೇ ಎಳೆದು ಹಿಡಿದು ಎರಡು ಗಂಟೆಗೂ ಹೆಚ್ಚು ಹಾರಿಸಿದರು. ಲಾಸ್ ಏಂಜಲೀಸ್‌ನಲ್ಲಿ ಇಳಿಸೋಣ ಎಂದುಕೊಂಡು, ಕಚ್ಚಿದ್ದನ್ನು ಬಿಡಿಸಲು ಮೋಟಾರು ಓಡಿಸಿದಾಗ ಅದು ಬಿಟ್ಟುಕೊಂಡಿತು. ಬೇಡವಾದ ರೀತಿಯಲ್ಲಿ ಬಿಟ್ಟುಕೊಂಡಿತು. ನಟ್‌ನೊಳಗಿನ ಥ್ರೆಡ್, ಅಂದರೆ ತಿರುಪನ್ನು ಹಿಡಿದುಕೊಳ್ಳುವ ಸುರುಳಿ ಏಣು, ಪೂರ್ತಿ ಕಿತ್ತುಬಂದಿತ್ತು. 31,000 ಅಡಿಯಿಂದ ವಿಮಾನ ಧುಮುಕಿತು. 24,000 ಅಡಿಯ ಆಸುಪಾಸಿನಲ್ಲಿ ಅವರು ಅದನ್ನು ಹಿಡಿದು ನಿಲ್ಲಿಸಿದರು. ಇಡೀ ಸ್ಟೆಬಿಲೈಸರ್ ಆಗ ನಿಂತಿದ್ದುದು ತಿರುಪಿನ ತುದಿಯ ಒಂದು ತಡೆಯ ಮೇಲೆ. ಹೊರೆ ಹೊರಲು ಮಾಡಿದ ಭಾಗವಲ್ಲ ಅದು. ಹತ್ತು ನಿಮಿಷ ಹೊತ್ತಿತು. ಆಮೇಲೆ ಮುರಿಯಿತು. ವಿಮಾನ ಅಂಗಾತ ಮಗುಚಿ ಅನಕಾಪಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಿತು. 88 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಸುಮಾರು 200 ಮೀಟರ್ ಆಳದಿಂದ ಆ ತಿರುಪನ್ನು ಎತ್ತಿದರು. ಚಿತ್ರ ನೋಡಿದರೆ ಮರೆಯಲಾಗದು. ಹೊಳೆಯುವ ಉಕ್ಕಿನ ತಿರುಪು, ಅದರ ಸುತ್ತ ರಿಬ್ಬನ್ನಿನಂತೆ ಸುತ್ತಿಕೊಂಡ ಕಂಚಿನ ಎಳೆಗಳು. ನಟ್‌ನ ಥ್ರೆಡ್ ಅವು. ತಿರುಪು ಕೆಲಸ ಮಾಡುವ ಜಾಗದಲ್ಲಿ ಹೇಳಿಕೊಳ್ಳುವಂಥ ಗ್ರೀಸ್ ಇರಲಿಲ್ಲ. ನಟ್‌ಗೆ ಗ್ರೀಸ್ ಹೋಗುವ ದಾರಿಯಲ್ಲಿ ಒಣಗಿದ ಕಸ ಕಟ್ಟಿಕೊಂಡಿತ್ತು.

ಈಗ ಎರಡು ಅಂಕಿ. 1997ರ ಸೆಪ್ಟೆಂಬರ್‌ನಲ್ಲಿ ಓಕ್ಲೆಂಡ್‌ನ ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನಲ್ಲಿ, ಇದೇ ವಿಮಾನದ ನಟ್ ಎಷ್ಟು ಸಡಿಲವಾಗಿದೆ ಎಂದು ಅಳೆದರು. 0.040 ಇಂಚು ಬಂತು. ಇರಬಹುದಾದ ಗರಿಷ್ಠ ಮಿತಿಯೂ ಅದೇ. ಹಿರಿಯ ಮೆಕ್ಯಾನಿಕ್ ಒಬ್ಬರು ‘ನಟ್ ಬದಲಿಸಿ’ ಎಂದು ಕಾರ್ಡಿನಲ್ಲಿ ಬರೆದರು. ಮೂರು ದಿನ ಬಿಟ್ಟು ಬೇರೆಯವರು ಮತ್ತೆ ಅಳೆದರು, ಒಂದಲ್ಲ ಐದು ಸಲ. 0.033 ಬಂತು. ಹಳೆಯ ಸಾಲಿಗೆ ಗೀಟು ಬಿತ್ತು, ವಿಮಾನ ಹಾರಿತು.

ಎಲ್ಲ ಕಡೆ ಈ ಅಪಘಾತವನ್ನು ‘ನಿರ್ವಹಣಾ ಲೋಪ ಮತ್ತು ಮಾನವ ದೋಷ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಆ ಮಾನವ ಯಾರು?

ಕರಿಕೋಟು

ಇದರಲ್ಲಿ ಅಂಥ ಗಹನವಾದದ್ದೇನೂ ನನಗೆ ಕಾಣುತ್ತಿಲ್ಲ. ಗ್ರೀಸ್ ಹಾಕಬೇಕಾದವನು ಹಾಕಲಿಲ್ಲ, ಹಾಕಿದೆ ಎಂದು ಸಹಿ ಮಾಡಿದ. ಆ ಸಹಿಯ ಕೆಳಗೆ 88 ಜೀವಗಳಿವೆ. ವಕೀಲನಾಗಿ ನೋಡಿದ್ದೇನೆ, ಇಂಥ ಕಡೆಗಳಲ್ಲಿ ‘ವ್ಯವಸ್ಥೆಯ ದೋಷ’ ಎಂಬ ಮಾತು ಬಂದ ಕೂಡಲೇ ಎಲ್ಲರೂ ನಿರಾಳವಾಗಿ ಉಸಿರು ಬಿಡುತ್ತಾರೆ. ವ್ಯವಸ್ಥೆಗೆ ಸಮನ್ಸ್ ಜಾರಿ ಮಾಡಲು ಆಗುವುದಿಲ್ಲವಲ್ಲ.

ತಿರುಪುಮೊಳೆ

ಕರಿಕೋಟು ಅವರೇ, ನಾನೂ ಮೊದಲ ವಾರ ಹಾಗೇ ಅಂದುಕೊಂಡಿದ್ದೆ. ಕೊನೆಯ ಗ್ರೀಸ್ ಹಾಕಿದ್ದು 1999ರ ಸೆಪ್ಟೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹಾಕಿದವರನ್ನು ತನಿಖಾಧಿಕಾರಿಗಳು ಕೇಳಿದಾಗ, ಕೆಲಸಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ ಎಂದರು. ಸರಿಯಾಗಿ ಮಾಡಿದರೆ ಅಷ್ಟರಲ್ಲಿ ಮುಗಿಯುವ ಕೆಲಸವೇ ಅಲ್ಲ. ಇಲ್ಲಿಯವರೆಗೆ ನಿಮ್ಮ ಮಾತು ನಿಲ್ಲುತ್ತದೆ.

ಆದರೆ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಲ್ಲಿ ನಿಲ್ಲಲಿಲ್ಲ. ಒಂದು ಸಲ ಗ್ರೀಸ್ ತಪ್ಪಿದರೆ ನಟ್ ಈ ಮಟ್ಟಕ್ಕೆ ಸವೆಯುವುದಿಲ್ಲ. ಅದಕ್ಕೂ ಹಿಂದೆ ತಪ್ಪಿರಲೇಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ಹಳೆಯ ವೇಳಾಪಟ್ಟಿಗಳನ್ನು ತೆಗೆದರು. 1987ರಲ್ಲಿ ಪ್ರತಿ 500 ಹಾರಾಟದ ಗಂಟೆಗೆ ಒಮ್ಮೆ ಗ್ರೀಸ್. 1988ರಲ್ಲಿ 1,000. 1991ರಲ್ಲಿ 1,200. 1994ರಲ್ಲಿ 1,600. 1996ರಲ್ಲಿ ಗಂಟೆಯ ಲೆಕ್ಕವನ್ನೇ ಬಿಟ್ಟು ‘ಎಂಟು ತಿಂಗಳಿಗೊಮ್ಮೆ’ ಎಂದು ಮಾಡಿದರು. ಅದು ಸುಮಾರು 2,550 ಗಂಟೆ. ಒಂಬತ್ತು ವರ್ಷದಲ್ಲಿ ಐದು ಪಟ್ಟು. ಯಾರೂ ಒಂದೇ ಏಟಿಗೆ ಐದು ಪಟ್ಟು ಮಾಡಲಿಲ್ಲ, ಅದೇ ಇದರ ಚಾಲಾಕು. ಯಾವ ಹೆಜ್ಜೆಯೂ ಹಿಂದಿನದರ ಎರಡು ಪಟ್ಟು ದಾಟಲಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಒಪ್ಪಿಕೊಂಡಿತು.

ಸಡಿಲ ಅಳೆಯುವ ಅವಧಿಯೂ ಹೀಗೇ ಹಿಗ್ಗಿ 30 ತಿಂಗಳಾಯಿತು. ಆ 0.033ರ ನಂತರ ವಿಮಾನ ಒಂಬತ್ತು ಸಾವಿರದ ಹತ್ತಿರ ಗಂಟೆ ಹಾರಿತು. ನಡುವೆ 1999ರ ಜನವರಿಯಲ್ಲಿ ದೊಡ್ಡ ತಪಾಸಣೆಗೆ ಹ್ಯಾಂಗರ್‌ಗೆ ಬಂದಿತ್ತು ಕೂಡ. ಬಾಲ ಅಲ್ಲೇ ಇತ್ತು, ಏಣಿಯೂ ಇದ್ದಿರಬೇಕು. ನಟ್ ಅಳೆಯಲಿಲ್ಲ, ಏಕೆಂದರೆ ವೇಳಾಪಟ್ಟಿಯಂತೆ ಆ ಸಲ ಅದರ ಸರದಿ ಇರಲಿಲ್ಲ. ಯಾವ ಸಹಿಯೂ ಸುಳ್ಳಲ್ಲ ಇಲ್ಲಿ. ಯಾರಿಗೆ ಸಮನ್ಸ್ ಕೊಡುತ್ತೀರಿ?

ಕಿಟಕಿಸೀಟು

ನಾನು ಬರೀ ಪ್ರಯಾಣಿಕಳು, ಎರಡು ದಡ್ಡ ಪ್ರಶ್ನೆ ಕೇಳಬಹುದೇ? ಒಂದು, ಒಂದು ನಟ್ ಹೋದರೆ ಇಡೀ ವಿಮಾನ ಹೋಗುವಂತೆ ಯಾರಾದರೂ ವಿನ್ಯಾಸ ಮಾಡುತ್ತಾರೆಯೇ? ಎಲ್ಲದಕ್ಕೂ ಎರಡೆರಡು ಇರುತ್ತದೆ ಎಂದು ಕೇಳಿದ್ದೆ. ಇನ್ನೊಂದು, ಎರಡು ಬೇರೆ ಬೇರೆ ಅಂಕಿ ಬಂದಾಗ ಯಾವುದು ನಿಜ ಎಂದು ಕೊನೆಗಾದರೂ ಗೊತ್ತಾಯಿತೇ?

ತಿರುಪುಮೊಳೆ

ಎರಡೂ ದಡ್ಡ ಪ್ರಶ್ನೆಗಳಲ್ಲ ಮೇಡಂ. ನಟ್‌ನಲ್ಲಿ ಎರಡು ಇದ್ದವು! ಒಂದರ ಪಕ್ಕ ಒಂದು ಸುತ್ತಿಕೊಂಡು ಹೋಗುವ ಎರಡು ಪ್ರತ್ಯೇಕ ಥ್ರೆಡ್. ಒಂದು ಮುರಿದರೆ ಇನ್ನೊಂದು ಹಿಡಿಯುತ್ತದೆ ಎಂಬುದು ಎಂಡಿ-83ರ ಮೂಲ ಮಾದರಿಯಾದ 1960ರ ದಶಕದ ಡಿಸಿ-9ರ ವಿನ್ಯಾಸಕಾರರ ಎಣಿಕೆ. ಮುರಿಯುವುದಕ್ಕೆ ಆ ಎಣಿಕೆ ಸರಿ. ಸವೆಯುವುದಕ್ಕೆ ಅಲ್ಲ. ಒಂದೇ ನಟ್, ಒಂದೇ ಗ್ರೀಸ್, ಒಂದೇ ಬರ. ಎರಡೂ ಜೊತೆಜೊತೆಯಾಗಿ ಸವೆದವು. ಒಂದೇ ತಟ್ಟೆಯಲ್ಲಿ ಉಂಡ ಅವಳಿಗಳಿಗೆ ಒಟ್ಟಿಗೆ ಹೊಟ್ಟೆನೋವು ಬಂದಂತೆ. ವರದಿಯು ಈ ವಿನ್ಯಾಸವನ್ನೂ ಕಾರಣಗಳ ಪಟ್ಟಿಗೆ ಸೇರಿಸಿದೆ.

ಅಂಕಿಯ ವಿಷಯ: ನಿರ್ಣಯ ಆಗಲಿಲ್ಲ. ಅಳೆಯಲು ಬಳಸುವ ಹಿಡಿಕೆಯನ್ನು ಕಂಪನಿಯವರು ತಾವೇ ಮಾಡಿಕೊಂಡಿದ್ದರು, ಅದು ತಯಾರಕರ ಅಳತೆಗೆ ತಕ್ಕಂತೆ ಇರಲಿಲ್ಲ. ಅಳೆಯುವ ವಿಧಾನವೇ ನೆಚ್ಚುವಂಥದ್ದಲ್ಲ ಎಂದು ಮಂಡಳಿ ಹೇಳಿತು. ಐದು ಸಲ ಅಳೆದು ಐದು ಸಲವೂ ಒಂದೇ ಅಂಕಿ ಬಂದರೆ ನಾವು ಅದನ್ನು ನಿಜ ಎಂದು ನಂಬಿಬಿಡುತ್ತೇವೆ. ಕೋಲೇ ಸೊಟ್ಟಗಿದ್ದರೆ ಐವತ್ತು ಸಲ ಅಳೆದರೂ ಅದೇ ಬರುತ್ತದೆ.

ರಾತ್ರಿಪಾಳಿ

ಬಹಳ ದಿನ ಸುಮ್ಮನೆ ಓದುತ್ತಿದ್ದೆ, ಇವತ್ತು ಬರೆಯದೆ ಇರಲಾಗಲಿಲ್ಲ. ಇಪ್ಪತ್ತೆರಡು ವರ್ಷ ವಿಮಾನಗಳ ಹೊಟ್ಟೆಯೊಳಗೆ ಕೆಲಸ ಮಾಡಿದವನು ನಾನು, ಹೆಚ್ಚಿನದು ರಾತ್ರಿಯಲ್ಲೇ.

‘ಗ್ರೀಸ್ ಹಾಕುವುದು’ ಎಂದು ಓದಿದಾಗ ನಿಮ್ಮ ಕಣ್ಣ ಮುಂದೆ ಏನು ಬರುತ್ತದೋ ಗೊತ್ತಿಲ್ಲ. ಈ ಕೆಲಸದಲ್ಲಿ ಬಾಲದ ಎತ್ತರಕ್ಕೆ ಏರಬೇಕು. ಮುಚ್ಚಳ ತೆಗೆದರೆ ಸಿಗುವ ಕಿಂಡಿ ಎಷ್ಟು ಕಿರಿದೆಂದರೆ ಕೈ ತೂರಿಸಿದ ಮೇಲೆ ಕಣ್ಣಿಗೆ ಜಾಗವಿಲ್ಲ. ಬೆರಳೇ ಕಣ್ಣು. ಗ್ರೀಸ್ ಗನ್ ಒತ್ತುತ್ತೀರಿ, ನಟ್‌ನ ಅಂಚಿನಿಂದ ಹಳೆಯ ಗ್ರೀಸ್ ಹೊರಗೆ ಬಂದರೆ ಒಳಗೆ ತುಂಬಿತು ಎಂದರ್ಥ. ಹೊರಗೆ ಬಂತೋ ಇಲ್ಲವೋ ನೋಡಲು ಆಗದಿದ್ದರೆ? ಗನ್ ಬಾಯಿಯ ಪಕ್ಕದಿಂದಲೇ ಗ್ರೀಸ್ ಸೋರಿದರೂ ಕೈಗೆ ಅದೇ ಜಿಡ್ಡು ತಾಗುತ್ತದೆ. ಆ ಕಿಂಡಿಯನ್ನು ದೊಡ್ಡದು ಮಾಡಿ ಎಂದು ಅಪಘಾತದ ನಂತರ ಎನ್‌ಟಿಎಸ್‌ಬಿ ಶಿಫಾರಸು ಮಾಡಿತು. ಮೂವತ್ತೈದು ವರ್ಷ ಕೈ ತೂರಿಸಿದವರು ಯಾರೂ ಹೇಳಿರಲಿಲ್ಲವೇ? ಹೇಳಿರುತ್ತಾರೆ. ಟೀ ಕುಡಿಯುವಾಗ.

ಕರಿಕೋಟು ಸರ್, ನಿಮಗಾಗಿ ಇನ್ನೊಂದು ಪ್ರಕರಣ. 1991ರ ಸೆಪ್ಟೆಂಬರ್ 11, ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574, ಟೆಕ್ಸಸ್. ಲರೇಡೊದಿಂದ ಹ್ಯೂಸ್ಟನ್‌ಗೆ ಬರುತ್ತಿದ್ದ ಸಣ್ಣ ಎಂಬ್ರೇಯರ್ ವಿಮಾನ. ಇಳಿಯಲು ಬರುವಾಗ ಬಾಲದ ಎಡ ಸ್ಟೆಬಿಲೈಸರ್‌ನ ಮುಂಚೂಣಿ ಅಂಚು ಕಿತ್ತುಹೋಯಿತು. 14 ಮಂದಿ ಸತ್ತರು. ಅವಶೇಷ ನೋಡಿದಾಗ ಆ ಅಂಚಿನ ಮೇಲ್ಭಾಗದ 47 ಸ್ಕ್ರೂಗಳು ಇರಲೇ ಇಲ್ಲ. ಮುರಿದಿರಲಿಲ್ಲ, ಹಾಕಿಯೇ ಇರಲಿಲ್ಲ.

ಹಿಂದಿನ ರಾತ್ರಿ ನಡೆದದ್ದು ಇದು. ಸ್ಟೆಬಿಲೈಸರ್ ಅಂಚಿನ ಮಂಜುಗಡ್ಡೆ ಒಡೆಯುವ ರಬ್ಬರ್ ಪಟ್ಟಿಗಳನ್ನು ಬದಲಿಸಬೇಕಿತ್ತು. ಸಂಜೆ ಪಾಳಿಯವರು ಬಲಗಡೆಯ ಸ್ಕ್ರೂ ಬಿಚ್ಚಿದರು. ತಪಾಸಕರೇ ಕೈಜೋಡಿಸಿ ಎಡಗಡೆಯ ಮೇಲಿನ ಸ್ಕ್ರೂಗಳನ್ನೂ ಬಿಚ್ಚಿಕೊಟ್ಟರು. ಸಹಾಯ ಮಾಡಲು ಹೋದವರು ನೋಡಿ. ಅಷ್ಟರಲ್ಲಿ ಪಾಳಿ ಬದಲಾಯಿತು. ರಾತ್ರಿಯವರು ಬಲಗಡೆಯ ಪಟ್ಟಿ ಬದಲಿಸಿದರು, ಎಡಗಡೆಯದು ಇವತ್ತು ಬೇಡ ಎಂದುಕೊಂಡರು. ರಾತ್ರಿ ಪಾಳಿಯ ತಪಾಸಕ ಬೇಗನೆ ಬಂದು ಹಸ್ತಾಂತರದ ಹಾಳೆ ಓದಿಬಿಟ್ಟಿದ್ದ. ಸಂಜೆಯವನು ತನ್ನ ಸಾಲು ಬರೆದದ್ದು ಅವನು ಓದಿದ ಮೇಲೆ. ಇನ್ನೊಂದು ವಿಮಾನಕ್ಕೆ ಜಾಗ ಬೇಕೆಂದು ಇದನ್ನು ಹ್ಯಾಂಗರ್‌ನಿಂದ ಕತ್ತಲೆಗೆ ತಳ್ಳಿದ್ದರು. ಇಪ್ಪತ್ತು ಅಡಿ ಎತ್ತರದ ಬಾಲ, ಅದರ ಮೇಲ್ಮೈಯಲ್ಲಿ ಖಾಲಿ ತೂತುಗಳು. ನೆಲದಿಂದ ಯಾರ ಕಣ್ಣಿಗೂ ಬೀಳುವಂತಿಲ್ಲ. ಬೆಳಗಿನ ಮೊದಲ ಹಾರಾಟ ಸುಸೂತ್ರವಾಗಿ ಆಯಿತು. ಎರಡನೆಯದರಲ್ಲಿ ಹೋಯಿತು.

ಈಗ ನನ್ನದು. ಹೆಸರು, ಕಂಪನಿ ಕೇಳಬೇಡಿ. ಒಂದು ಬೆಳಿಗ್ಗೆ ಮನೆಗೆ ಬಂದು ಸಮವಸ್ತ್ರ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಸ್ಕ್ರೂ ಸಿಕ್ಕಿತು. ಒಂದೇ ಒಂದು. ರಾತ್ರಿ ಮೂರು ಮುಚ್ಚಳ ಹಾಕಿ ಸಹಿ ಮಾಡಿದ್ದೆ. ಯಾವುದರದ್ದು? ನಳದ ಕೆಳಗೆ ಹಿಡಿದು ತೊಳೆದೆ, ಬೆಳಕಿಗೆ ತಿರುಗಿಸಿ ನೋಡಿದೆ, ತಲೆಯ ಮೇಲಿನ ಬಣ್ಣ ಕೆದಕಿದೆ. ಕೈ ನಡುಗುತ್ತಿತ್ತು. ಫೋನ್ ಮಾಡಿದೆ. ವಿಮಾನ ಇನ್ನೂ ನಿಂತಿತ್ತು. ನೋಡಿದರು, ಎಲ್ಲ ಮುಚ್ಚಳದಲ್ಲೂ ಸ್ಕ್ರೂ ಸರಿಯಾಗಿದ್ದವು. ಅದು ಹಳೆಯದು, ತಲೆ ಸವೆದದ್ದೆಂದು ನಾನೇ ಬದಲಿಸಿ ಜೇಬಿಗೆ ಹಾಕಿಕೊಂಡದ್ದು. ವಿಮಾನ ನಲವತ್ತು ನಿಮಿಷ ತಡವಾಯಿತು, ನನಗೆ ಮೆಮೊ ಬಂತು. ಮೆಮೊ ಬಂದ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಇಡೀ ಹ್ಯಾಂಗರ್‌ಗೆ ಗೊತ್ತಾಗಿತ್ತು. ಅಲ್ಲಿಂದ ಮುಂದೆ ಬೇರೆಯವರ ಜೇಬಿನಲ್ಲಿ ಸಿಕ್ಕ ಸ್ಕ್ರೂಗಳು ಎಲ್ಲಿಗೆ ಹೋದವೋ ನಾನು ಹೇಳಲಾರೆ.

ಕಿಟಕಿಸೀಟು

ಎಡಗಡೆಯ ಸ್ಕ್ರೂ ಬಿಚ್ಚಿದ್ದು ಸಹಾಯ ಮಾಡಲು ಬಂದವರು ಎಂಬ ಸಾಲನ್ನು ಮೂರು ಸಲ ಓದಿದೆ. ಸೋಮಾರಿಯಾಗಿದ್ದರೆ ಆ ವಿಮಾನ ಉಳಿಯುತ್ತಿತ್ತು!

ಬ್ಲ್ಯಾಕ್ ಬಾಕ್ಸ್‌ನಲ್ಲಿ ಇದೆಲ್ಲ ಹೇಗೆ ಸಿಗುತ್ತದೆ?

ತಿರುಪುಮೊಳೆ

ಸಿಗುವುದಿಲ್ಲ ಮೇಡಂ. 261ರ ಧ್ವನಿಮುದ್ರಿಕೆ ಕೊನೆಯ ಮೂವತ್ತು ನಿಮಿಷ ಚಿಲ್ಲರೆಯದು. ಅಪಘಾತಕ್ಕೆ ಕಾರಣವಾದ ಸಂಗತಿ ವರ್ಷಗಳಷ್ಟು ಹಳೆಯದು. ಇಂಥ ತನಿಖೆಗಳಲ್ಲಿ ಪೆಟ್ಟಿಗೆ ಹೇಳುವುದು ‘ಹೇಗೆ ಸತ್ತರು’ ಎಂಬುದನ್ನು. ‘ಯಾಕೆ’ ಎಂಬುದು ಲೋಹದ ಮೇಲೂ ಕಾಗದದ ಮೇಲೂ ಇರುತ್ತದೆ. ಎರಡನ್ನೂ ಎದುರುಬದುರು ಕೂರಿಸಬೇಕು. ಕಾಗದ ‘ಗ್ರೀಸ್ ಹಾಕಿದೆ’ ಎನ್ನುತ್ತದೆ, ಕಂಚು ‘ಹಾಕಿಲ್ಲ’ ಎನ್ನುತ್ತದೆ.

ಜಪಾನ್ ಏರ್‌ಲೈನ್ಸ್ 123 ನೆನಪಿರಬಹುದು. 1985ರ ಆಗಸ್ಟ್ 12, 520 ಸಾವು, ಬದುಕಿದವರು ನಾಲ್ಕೇ. ಮೂಲ ಇದ್ದದ್ದು 1978ರಲ್ಲಿ. ಆ ವಿಮಾನ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತ್ತು. ಹಿಂಬದಿಯ ಒತ್ತಡ ತಡೆಯುವ ಗೋಡೆಯನ್ನು ಬೋಯಿಂಗ್‌ನವರೇ ಬಂದು ರಿಪೇರಿ ಮಾಡಿದರು. ಒಂದೇ ತುಂಡಾಗಿ ಇರಬೇಕಾದ ಜೋಡಣೆಯ ತಗಡನ್ನು ಎರಡು ತುಂಡಾಗಿ ಹಾಕಿದ್ದರಿಂದ ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದು ಸಾಲಿನ ಮೇಲೆ ಬಿತ್ತು. ಏಳು ವರ್ಷ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಾರಾಟ. ಪ್ರತಿ ಹಾರಾಟದಲ್ಲೂ ಬಿರುಕು ಕೂದಲೆಳೆಯಷ್ಟು ಮುಂದೆ ಹೋಯಿತು.

ಇನ್ನೊಂದು ಮಾತು. ಒಳ್ಳೆಯ ತನಿಖೆಯ ಗುರುತು, ಅದು ಏನನ್ನು ಕೈಬಿಟ್ಟಿತು ಎಂಬುದರಲ್ಲೂ ಇದೆ. 261ರಲ್ಲಿ ಕಂಪನಿ ಒಂದು ಗ್ರೀಸಿನಿಂದ ಇನ್ನೊಂದು ಗ್ರೀಸಿಗೆ ಬದಲಾಗಿತ್ತು. ಎರಡೂ ಬೆರೆತು ಕೆಟ್ಟಿತೇ? ಕೇಳಿದ ಕೂಡಲೇ ನಂಬಬೇಕೆನಿಸುವ ಕಥೆ ಅದು. ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, ಇದು ಕಾರಣವಲ್ಲ ಎಂದು ಬದಿಗಿಟ್ಟರು.

ಕರಿಕೋಟು

ರಾತ್ರಿಪಾಳಿ ಅವರ ಜೇಬಿನ ಸ್ಕ್ರೂ ನನ್ನನ್ನು ಸ್ವಲ್ಪ ಅಲುಗಾಡಿಸಿದೆ, ಒಪ್ಪಿಕೊಳ್ಳುತ್ತೇನೆ. ಆದರೂ ಪೂರ್ತಿ ಶರಣಾಗಿಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ನನಗೂ ಗೊತ್ತು. ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಡೆಯುವುದು, ತಪ್ಪು ಹೊರಿಸುವುದಲ್ಲ. ಸರಿ. ಆದರೆ ನ್ಯಾಯಾಲಯದ ಉದ್ದೇಶ ಬೇರೆ, ಅದೂ ಇರಬೇಕು. 1996ರ ಅಕ್ಟೋಬರ್ 2ರ ಏರೋಪೆರು 603 ನೋಡಿ. ಬೋಯಿಂಗ್ 757 ತೊಳೆಯುವಾಗ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತುಗಳಿಗೆ ಟೇಪ್ ಅಂಟಿಸಿದ್ದರು, ತೆಗೆಯಲು ಮರೆತರು. ಕತ್ತಲೆ, ಕೆಳಗೆ ಸಮುದ್ರ. ಎತ್ತರ ಎಷ್ಟು, ವೇಗ ಎಷ್ಟು ಎಂದು ಪೈಲಟ್‌ಗಳಿಗೆ ಮೀಟರುಗಳು ಸುಳ್ಳು ಹೇಳುತ್ತಾ ಹೋದವು. 70 ಜನ ಹೋದರು. ಟೇಪ್ ತೆಗೆಯದ ನೌಕರನಿಗೆ ಶಿಕ್ಷೆಯಾಯಿತು. ಆಗಬಾರದಿತ್ತೇ?

ರಾತ್ರಿಪಾಳಿ

ನಿಮ್ಮ ಉದಾಹರಣೆಯಿಂದಲೇ ಉತ್ತರ ಕೊಡುತ್ತೇನೆ ಸರ್. ಆ ಟೇಪ್ ಯಾವ ಬಣ್ಣದ್ದು? ಬೆಳ್ಳಿ ಬಣ್ಣದ್ದು. ವಿಮಾನದ ಹೊಟ್ಟೆಯೂ ಪಾಲಿಶ್ ಮಾಡಿದ ಲೋಹ. ದೂರದಿಂದಲೇ ಕಣ್ಣಿಗೆ ರಾಚುವ ಗಾಢ ಬಣ್ಣದ ಮುಚ್ಚಳವಿದ್ದಿದ್ದರೆ ಯಾರಾದರೂ ಒಬ್ಬರು ನೋಡುತ್ತಿದ್ದರು. ಅವನ ನಂತರ ನೋಡಬೇಕಾದ ಮೇಲ್ವಿಚಾರಕರಿದ್ದರು, ವಿಮಾನದ ಸುತ್ತ ಒಂದು ಸುತ್ತು ಬಂದ ಪೈಲಟ್ ಇದ್ದರು. ಅಷ್ಟೂ ಜನ ನೋಡಿಯೂ ಕಾಣದ್ದಕ್ಕೆ ಶಿಕ್ಷೆ ಬಂದದ್ದು ಬಕೆಟ್ ಹಿಡಿದವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಪಾಠಶಾಲೆ ಬ್ರಿಟಿಷ್ ಏರ್‌ವೇಸ್ 5390. 1990ರ ಜೂನ್ 10, ಬರ್ಮಿಂಗ್‌ಹ್ಯಾಮ್‌ನಿಂದ ಮಲಾಗಾಕ್ಕೆ ಹೊರಟ ವಿಮಾನ. 17,000 ಅಡಿ ದಾಟಿದಾಗ ಕ್ಯಾಪ್ಟನ್ ಮುಂದಿನ ಗಾಜು ಹಾರಿಹೋಯಿತು, ಜೊತೆಗೆ ಕ್ಯಾಪ್ಟನ್ ಕೂಡ ಅರ್ಧ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ನಮ್ಮ ಪುಣ್ಯಕ್ಕೆ ತಪ್ಪು ಮಾಡಿದವರನ್ನು ಕೂರಿಸಿ ಕೇಳುವಷ್ಟು ನೆಮ್ಮದಿ ತನಿಖೆಯವರಿಗೆ ಇತ್ತು.

ಹಾರಾಟಕ್ಕೆ 27 ಗಂಟೆ ಮೊದಲು, ರಾತ್ರಿ ಪಾಳಿಯಲ್ಲಿ ಗಾಜು ಹಾಕಿದವರು ಪಾಳಿಯ ಮುಖ್ಯಸ್ಥರು. ಆಳು ಕಡಿಮೆ ಎಂದು ತಾವೇ ಕೆಲಸಕ್ಕೆ ಇಳಿದವರು. ಹಳೆಯ ಗಾಜಿನಿಂದ ಬಿಚ್ಚಿದ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದು, ಅಂಥದ್ದೇ ಬೇಕೆಂದು ಸ್ಟೋರಿಗೆ ಹೋದರು. ಸ್ಟೋರಿನವರು ಈ ಗಾಜಿಗೆ ಬೇರೆ ಅಳತೆಯದು ಬರುತ್ತದೆ ಎಂದು ಹೇಳಿದರು. ಹಳೆಯದು ನಾಲ್ಕು ವರ್ಷ ಹಿಡಿದಿತ್ತಲ್ಲ, ಅದೇ ಇರಲಿ ಎಂದುಕೊಂಡರು. ಅಲ್ಲಿ ಬೇಕಾದಷ್ಟು ಸಿಗಲಿಲ್ಲ. ಇನ್ನೊಂದು ಕಡೆಯ ಮಬ್ಬು ಬೆಳಕಿನ ಮೂಲೆಯಲ್ಲಿದ್ದ ಬೋಲ್ಟ್ ಡಬ್ಬಿಗಳ ಮುಂದೆ ನಿಂತು, ಹಳೆಯದನ್ನು ಪಕ್ಕದಲ್ಲಿ ಹಿಡಿದು ಹೊಂದಿಸಿದರು. ಓದುವ ಕನ್ನಡಕ ಹಾಕಿಕೊಂಡಿರಲಿಲ್ಲ. 90 ಬೋಲ್ಟ್‌ಗಳಲ್ಲಿ 84 ಸಣ್ಣವು. ಎಷ್ಟು ಸಣ್ಣ? ವ್ಯಾಸದಲ್ಲಿ ಒಂದು ಮಿಲಿಮೀಟರ್ ಕೂಡ ಅಲ್ಲ, ಅದರ ಮೂರನೇ ಎರಡು ಭಾಗ. ಎರಡು ಬೋಲ್ಟ್ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ನಿಮಗೂ ಒಂದೇ ಕಾಣುತ್ತದೆ. ಉಳಿದ ಆರು, ಹಳೆಯವುಗಳಂತೆ, ದಪ್ಪ ಸರಿ ಆದರೆ ಉದ್ದ ಸಾಲದು.

ಇಲ್ಲಿಂದ ಮುಂದೆ ನನಗೆ ಮೈ ಜುಮ್ಮೆನ್ನುವುದು. ನಾಲ್ಕು ವರ್ಷ ವಿಮಾನ ಹಾರಿದ್ದೇ ತಪ್ಪು ಬೋಲ್ಟ್‌ಗಳ ಮೇಲೆ! ಅದಕ್ಕೂ ಹಿಂದೆ ಇನ್ಯಾರೋ ಹೀಗೇ ಹೊಂದಿಸಿ ಹಾಕಿದ್ದರು. ಅದು ಹೇಗೋ ತಡೆದುಕೊಂಡಿತು, ತಡೆದುಕೊಂಡದ್ದೇ ಈ ಸಲದವರಿಗೆ ಸಾಕ್ಷಿಯಾಯಿತು. ಗಾಜು ಹಾಕಿದ ಮೇಲೆ ಎರಡನೆಯವರು ಪರೀಕ್ಷಿಸಬೇಕು ಎಂಬ ನಿಯಮವಿರಲಿಲ್ಲ. ಗಾಜನ್ನು ಕೂರಿಸುವುದು ಹೊರಗಿನಿಂದ, ಕ್ಯಾಬಿನ್ನಿನ ಒತ್ತಡ ತಳ್ಳುವುದು ಒಳಗಿನಿಂದ. ಹಿಡಿದುಕೊಳ್ಳಬೇಕಾದದ್ದು ಬೋಲ್ಟ್ ಮಾತ್ರ. ಒಳಗಿನಿಂದ ಹಾಕುವ ಗಾಜಾಗಿದ್ದರೆ ಒತ್ತಡವೇ ಅದನ್ನು ಚೌಕಟ್ಟಿಗೆ ಅದುಮಿ ಹಿಡಿಯುತ್ತಿತ್ತು.

ಹಳೆಲೆಕ್ಕ

ತಡವಾಗಿ ಬಂದೆ. ‘ಮಾನವ ದೋಷ’ ಎಂಬ ಚೀಟಿ ಅಂಟಿಸುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದೇ ಪ್ರಕರಣ ಸಾಕು: 1979ರ ಮೇ 25, ಷಿಕಾಗೋ, ಅಮೆರಿಕನ್ ಏರ್‌ಲೈನ್ಸ್ 191. ಡಿಸಿ-10 ಮೇಲೇಳುವಾಗ ಎಡ ಎಂಜಿನ್ ಅದನ್ನು ಹಿಡಿದ ಕಂಬದ ಸಮೇತ ಕಳಚಿ ಬಿದ್ದಿತು. ನೆಲದ ಮೇಲಿನ ಇಬ್ಬರೂ ಸೇರಿ 273 ಸಾವು.

ತಯಾರಕರ ಪ್ರಕಾರ ಮೊದಲು ಎಂಜಿನ್ ಇಳಿಸಿ, ಆಮೇಲೆ ಕಂಬ ಇಳಿಸಬೇಕು. ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿದರೆ ವಿಮಾನವೊಂದಕ್ಕೆ ಸುಮಾರು 200 ಆಳು-ಗಂಟೆ ಉಳಿಯುತ್ತಿತ್ತು. ಫೋರ್ಕ್‌ಲಿಫ್ಟ್ ಸಾಮಾನು ಎತ್ತುವ ಗಾಡಿ. ಕೂದಲೆಳೆಯ ಲೆಕ್ಕದಲ್ಲಿ ಹಂದಾಡಿಸಲು ಹೋದರೆ ಕಂಬದ ಅಂಚು ರೆಕ್ಕೆಯ ಕೊಂಡಿಗೆ ತಾಗಿ ಬಿರುಕು ಬಿಡುತ್ತದೆ. ಹಾಗೇ ಆಯಿತು.

ನಾನು ಹೇಳಬೇಕೆಂದಿರುವುದು ಇದರ ಹಿಂದಿನದು. ಅಪಘಾತಕ್ಕೆ ಕೆಲವೇ ತಿಂಗಳು ಮೊದಲು ಕಾಂಟಿನೆಂಟಲ್ ಏರ್‌ಲೈನ್ಸ್‌ನಲ್ಲಿ ಇದೇ ರೀತಿ ಇಳಿಸುವಾಗ ಇದೇ ಅಂಚು ಒಡೆದಿತ್ತು, ಒಂದಲ್ಲ ಎರಡು ಸಲ. ‘ಇದು ನಮ್ಮವರ ಕೆಲಸದ ತಪ್ಪು’ ಎಂದು ಬರೆದುಕೊಂಡು ರಿಪೇರಿ ಮಾಡಿದರು. ಭಾಗ ತಾನಾಗಿ ಕೆಟ್ಟಿದ್ದರೆ ಎಫ್‌ಎಎಗೆ ವರದಿ ಹೋಗಬೇಕಿತ್ತು. ಕೆಲಸದ ತಪ್ಪಾದ್ದರಿಂದ ಹೋಗಬೇಕಿಲ್ಲ ಎಂದುಕೊಂಡರು. ಅದೇ ಗಾಡಿಯಿಂದ ಅದೇ ಎಂಜಿನ್ ಇಳಿಸುತ್ತಿದ್ದ ಪಕ್ಕದ ಕಂಪನಿಗೆ ಅಪಾಯದ ಸುಳಿವು ಸಿಗಲಿಲ್ಲ. ಅಪಘಾತವಾದ ಮೇಲೆ ಡಿಸಿ-10ಗಳನ್ನೆಲ್ಲ ನೆಲಕ್ಕಿಳಿಸಿ ಹುಡುಕಿದರು, ಇನ್ನಷ್ಟು ಒಡೆದ ಅಂಚುಗಳು ಸಿಕ್ಕವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಕರಿಕೋಟು

ಇದು ನನಗೆ ಗೊತ್ತಿರಲಿಲ್ಲ. ‘ತಪ್ಪು ನಮ್ಮದೇ’ ಎಂದು ಒಪ್ಪಿಕೊಂಡದ್ದರಿಂದಲೇ ಸುದ್ದಿ ಮುಚ್ಚಿಹೋಯಿತು ಎಂದರೆ, ತಪ್ಪೊಪ್ಪಿಗೆಯನ್ನೇ ಮುಖ್ಯವೆಂದು ನಂಬಿದ ನನ್ನಂಥವನಿಗೆ ನುಂಗಲು ಕಷ್ಟ.

ಒಂದು ಮಾತು ಮಾತ್ರ ಬಿಡುವುದಿಲ್ಲ. ಮರೆತವನೂ, ಗೊತ್ತಿದ್ದೂ ಮಾಡದೆ ಸಹಿ ಹಾಕಿದವನೂ ಒಂದೇ ಅಲ್ಲ. ಎರಡನೆಯವನನ್ನು ನಾನು ಬಿಡಲಾರೆ.

ರಾತ್ರಿಪಾಳಿ

ಅದನ್ನು ನಾನೂ ಬಿಡುವುದಿಲ್ಲ ಸರ್. ಅಂಥವನ ಪಕ್ಕದಲ್ಲಿ ಕೆಲಸ ಮಾಡುವವನು ನಾನೇ ತಾನೇ. ಅವನ ಸಹಿಯ ಕೆಳಗೆ ನನ್ನ ಸಹಿಯೂ ಬೀಳುತ್ತದೆ.

ಕಿಟಕಿಸೀಟು

ಓಕ್ಲೆಂಡ್‌ನಲ್ಲಿ ‘ನಟ್ ಬದಲಿಸಿ’ ಎಂದು ಬರೆದರಲ್ಲ, ಆ ಹಿರಿಯ ಮೆಕ್ಯಾನಿಕ್ ಏನಾದರು?

ತಿರುಪುಮೊಳೆ

ಅವರು ಸುಮ್ಮನಿರುವವರಾಗಿರಲಿಲ್ಲ. 1998ರಲ್ಲಿ, ಅಂದರೆ ಅಪಘಾತಕ್ಕೆ ಒಂದು ವರ್ಷಕ್ಕೂ ಮೊದಲೇ, ಓಕ್ಲೆಂಡ್‌ನಲ್ಲಿ ನಿರ್ವಹಣೆಯ ದಾಖಲೆಗಳು ಸರಿಯಿಲ್ಲ ಎಂದು ಎಫ್‌ಎಎಗೆ ದೂರು ಕೊಟ್ಟಿದ್ದರು. ಅದರ ಮೇಲೆ ಕೇಂದ್ರ ಸರ್ಕಾರದ ತನಿಖೆಯೂ ಶುರುವಾಗಿತ್ತು. ವಿಮಾನ ಬಿದ್ದಾಗ ಆ ತನಿಖೆ ಇನ್ನೂ ನಡೆಯುತ್ತಲೇ ಇತ್ತು.

ಅಪಘಾತವಾದ ಮೇಲೆ ಎಫ್‌ಎಎ ಹೊಸ ಆದೇಶ ಹೊರಡಿಸಿತು: 650 ಗಂಟೆಗೊಮ್ಮೆ ಗ್ರೀಸ್, 2,000 ಗಂಟೆಗೊಮ್ಮೆ ಅಳತೆ. ಮೇಲೆ ನಾನು ಕೊಟ್ಟ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ. ಹತ್ತಿರ ಹತ್ತಿರ 1987ಕ್ಕೆ ವಾಪಸ್.

ಕರಿಕೋಟು ಅವರಿಗೆ ಇನ್ನೊಂದು. ರಾತ್ರಿಪಾಳಿ ಹೇಳಿದ 47 ಸ್ಕ್ರೂಗಳ ಪ್ರಕರಣದಲ್ಲಿ ಎನ್‌ಟಿಎಸ್‌ಬಿಯ ಬಹುಮತ ನಿಮ್ಮ ಕಡೆಗೇ ಇತ್ತು. ನಿರ್ವಹಣೆ ಮತ್ತು ತಪಾಸಣೆಯವರು ವಿಧಿವಿಧಾನ ಪಾಲಿಸಲಿಲ್ಲ ಎಂದು ಕಾರಣ ಬರೆದರು. ಮಂಡಳಿಯ ಸದಸ್ಯ ಜಾನ್ ಲಾಬರ್ ಒಬ್ಬರೇ ಒಪ್ಪಲಿಲ್ಲ. ಒಂದೇ ರಾತ್ರಿ ಇಷ್ಟು ಜನ ಇಷ್ಟು ನಿಯಮ ಬಿಟ್ಟರೆಂದರೆ, ಪಾಲಿಸುವ ವಾತಾವರಣವನ್ನು ಕಟ್ಟದ ಆಡಳಿತವರ್ಗದ ಹೆಸರೂ ಕಾರಣದ ಸಾಲಿನಲ್ಲೇ ಇರಬೇಕು ಎಂದು ಭಿನ್ನಮತ ಬರೆದರು. ನಿಮ್ಮ ‘ಸಮನ್ಸ್’ ಪ್ರಶ್ನೆಗೆ ನನಗೆ ಕಂಡ ನೇರ ಉತ್ತರ ಅದು, ವಿಳಾಸವೂ ಇದೆ. ಹನ್ನೊಂದು ವರ್ಷದ ನಂತರ ಬಂದ 261ರ ವರದಿಯಲ್ಲಿ ಅವಧಿ ಹಿಗ್ಗಿಸಿದ ಕಂಪನಿ, ಒಪ್ಪಿದ ಎಫ್‌ಎಎ, ಎರಡೂ ಕಾರಣದ ಸಾಲಿನಲ್ಲೇ ಇವೆ.

ಹಳೆಲೆಕ್ಕ

ಚಿಕ್ಕ ತಿದ್ದುಪಡಿ. 47 ಸ್ಕ್ರೂಗಳ ವರದಿ ಬಂದದ್ದು 1992ರಲ್ಲಿ, 261ರದ್ದು 2002ರ ಡಿಸೆಂಬರ್‌ನಲ್ಲಿ. ಹತ್ತು ವರ್ಷ ಚಿಲ್ಲರೆ. ಹನ್ನೊಂದಲ್ಲ.

ತಿರುಪುಮೊಳೆ

ಸರಿ, ಅಪಘಾತದ ವರ್ಷದಿಂದ ಎಣಿಸಿಬಿಟ್ಟೆ. ತಿದ್ದದೆ ಹಾಗೇ ಬಿಟ್ಟಿರುತ್ತೇನೆ, ಕೆಳಗೆ ನಿಮ್ಮ ಸಾಲು ಇದೆಯಲ್ಲ. ಗೀಟು ಎಳೆಯುವುದು ಬೇಡ.